ಲೈಟುಕಂಬದ ನೆರಳು

ಬೆಳಗಿನ ವಾಕಿಂಗ್ ಮುಗಿಸಿದವರು ಬೈಟು ಕಾಫಿ ಹಿಡಿದು ನಿಲ್ಲುವ ದರ್ಶಿನಿಯೊಂದು ಚಂದ್ರಾ ಲೇಔಟಿನಲ್ಲಿದೆ. ಉಕ್ರೇನಿನ ಯುದ್ಧದಲ್ಲಿ ಯಾರ ಕೈ ಮೇಲಾಗುತ್ತಿದೆ ಎಂಬುದು ದಿನವೂ ಅಲ್ಲಿ, ಕಾಫಿ ಆರುವುದರೊಳಗೆ, ತೀರ್ಮಾನವಾಗುತ್ತಿತ್ತು. ತೀರ್ಮಾನ ಮಾಡುತ್ತಿದ್ದವರು ಮುರಳೀಕೃಷ್ಣ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಅವರು ಹುಡುಗನಾಗಿದ್ದಾಗ, ರಷ್ಯಾದಿಂದ ಬರುತ್ತಿದ್ದ ನುಣುಪು ಕಾಗದದ ಬಣ್ಣದ ಪತ್ರಿಕೆಗಳನ್ನು ಬಿಚ್ಚಿ ಶಾಲೆಯ ಪುಸ್ತಕಗಳಿಗೆಲ್ಲ ಬೈಂಡ್ ಹಾಕಿಕೊಂಡಿದ್ದರು. ಆ ಋಣ ಇನ್ನೂ ತೀರಿರಲಿಲ್ಲ.

"ನೋಡೋ ಸೇತೂ, ಇನ್ನೊಂದು ಊರು ಹೋಯ್ತು," ಎಂದು ಅವರು ಫೋನನ್ನು ಸೇತುರಾಮರ ಮೂಗಿನ ಹತ್ತಿರ ಹಿಡಿಯುವರು.

"ಈ ಊರು ಹೋದ ತಿಂಗಳೂ ಹೋಗಿತ್ತಲ್ಲೋ."

"ಆವಾಗ ಅರ್ಧ ಹೋಗಿತ್ತು. ಈಗ ಪೂರ್ತಿ."

"ಇನ್ನೊಂದು ಸಲ ಹೋದ್ರೆ ಹೇಳು. ಚಪ್ಪಾಳೆ ತಟ್ತೀನಿ."

ಸೇತುರಾಮರು ವಿಜಯನಗರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವರು. ಯುದ್ಧದಲ್ಲಿ ತಮಗೆ ಯಾವ ಪಕ್ಷವೂ ಇಲ್ಲ ಎಂದು ಅವರು ತಿಳಿದಿದ್ದರು. ಇದ್ದದ್ದು ಒಂದು ಚಟ. ಯುದ್ಧದ ವಿಡಿಯೋ ಬಂದರೆ ಸಾಕು, ಅದನ್ನು ಒಂದು ಕಡೆ ನಿಲ್ಲಿಸಿ ನೆರಳು ಹುಡುಕುವರು. ಕಂಬದ್ದೋ ಗೋಡೆಯದೋ ನಿಂತ ಮನುಷ್ಯನದೋ ಒಂದು ನೆರಳು ಸಿಕ್ಕರೆ, ಅದರ ಉದ್ದದಿಂದ ಸೂರ್ಯ ಎಷ್ಟು ಮೇಲಿದ್ದ ಎಂದು ಗೊತ್ತಾಗುತ್ತದೆ. ಅದು ಬಿದ್ದ ದಿಕ್ಕಿನಿಂದ ಸೂರ್ಯ ಯಾವ ಕಡೆ ಇದ್ದ ಎಂದು ಗೊತ್ತಾಗುತ್ತದೆ. ಇವೆರಡೂ ಹೇಳಿದ ದಿನ, ಹೇಳಿದ ಹೊತ್ತು, ಹೇಳಿದ ಊರಿಗೆ ಹೊಂದಿದರೆ ವಿಡಿಯೋ ನಂಬಬಹುದು. ಒಂದೇ ಅಳತೆಯನ್ನು ನಂಬಬೇಡಿ, ಇನ್ನೊಂದು ದಾರಿಯಲ್ಲಿ ಹೋಗಿಯೂ ಅದೇ ಜಾಗ ತಲುಪಿದರೆ ನಂಬಿ ಎಂದು ಅವರು ತರಗತಿಯಲ್ಲಿ ಹೇಳಿ ಹೇಳಿ ಹುಡುಗರು ಅದನ್ನು ಅವರದೇ ದನಿಯಲ್ಲಿ ಅಣಕಿಸುವಷ್ಟಾಗಿತ್ತು.

ಜೂನ್ ತಿಂಗಳ ವಿಡಿಯೋವನ್ನು ಡಿಸೆಂಬರಿನದೆಂದು ಹಂಚಿದ್ದ ರಷ್ಯಾದ ಕಡೆಯವರನ್ನೂ, ಸಂಜೆಯ ಹೊಗೆಯನ್ನು ಬೆಳಗಿನ ದಾಳಿಯೆಂದು ತೋರಿಸಿದ್ದ ಉಕ್ರೇನಿನ ಕಡೆಯವರನ್ನೂ ಅವರು ಹೀಗೆ ಹಿಡಿದಿದ್ದರು. ದರ್ಶಿನಿಯ ಗುಂಪಿನಲ್ಲಿ ಅವರಿಗೆ 'ನೆರಳು ಮೇಷ್ಟ್ರು' ಎಂಬ ಹೆಸರು ಬಿದ್ದಿತ್ತು. ಅದು ಅವರಿಗೆ ಇಷ್ಟವಾಗಿಯೂ ಇತ್ತು.

ಚಟ ಹತ್ತಿದ್ದು ಮಾತ್ರ ಕಾಫಿಯ ಜಾಗದಲ್ಲಲ್ಲ, ಹಾಲಿನ ಜಾಗದಲ್ಲಿ.

ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಹಿಂದಿನ ಓಣಿಯಲ್ಲಿ ಮುನಿತಾಯಮ್ಮನವರ ಮನೆ. ಲೇಔಟುಗಳು ಬರುವ ಮೊದಲು ಆ ಸುತ್ತೆಲ್ಲ ಅವರ ಮನೆಯವರ ರಾಗಿ ಹೊಲವಿತ್ತಂತೆ. ಈಗ ಮೂರಂತಸ್ತಿನ ಬಾಡಿಗೆ ಮನೆಗಳು, ಕೆಳಗೆ ಮಗ ಕಾಂತರಾಜುವಿನ ಹಾರ್ಡ್‌ವೇರ್ ಅಂಗಡಿ. ಕಟ್ಟಡದ ಹಿಂದೆ, ನೀರಿನ ಸಂಪಿನ ಪಕ್ಕ, ಮುನಿತಾಯಮ್ಮ ಇನ್ನೂ ಎರಡು ಹಸು ಕಟ್ಟಿದ್ದರು. "ಹಸ ಇಲ್ದೆ ಹೋದ್ರೆ ನಂಗೆ ಸಂಜೆ ಆಗಿದ್ದೇ ತಿಳಿಯಾಕಿಲ್ಲ," ಎನ್ನುವರು. ಸೇತುರಾಮರು ದಿನಾ ಸಂಜೆ ಸ್ಟೀಲ್ ಕ್ಯಾನು ಹಿಡಿದು ಚಂದ್ರಾ ಲೇಔಟಿನಿಂದ ಅಲ್ಲಿಗೆ ನಡೆದು ಹೋಗಿ ಹಾಲು ತರುತ್ತಿದ್ದರು.

ಕಾಂತರಾಜುವಿನ ಮಗಳು ರಮ್ಯ ಯುದ್ಧಕ್ಕೆ ಮೊದಲೇ ಉಕ್ರೇನಿಗೆ ಡಾಕ್ಟರಿಕೆ ಓದಲು ಹೋಗಿದ್ದಳು. ಯುದ್ಧ ಶುರುವಾದಾಗ ಎಲ್ಲರ ಜೊತೆ ಓಡಿ ಬಂದು, ಇದೇ ಮನೆಯ ಮಹಡಿಯಲ್ಲಿ ಕೂತು ಆನ್‌ಲೈನಿನಲ್ಲಿ ಪಾಠ ಕೇಳಿದಳು. ಕೊನೆಯ ವರ್ಷದ ಆಸ್ಪತ್ರೆ ಕೆಲಸವನ್ನು ಅಲ್ಲೇ ಮಾಡಬೇಕು ಎಂದಾಗ, ಹೋದ ದೀಪಾವಳಿ ಮುಗಿಸಿಕೊಂಡು ನವೆಂಬರಿನಲ್ಲಿ ಹೊರಟುಹೋದಳು. ಅವಳಿದ್ದ ಊರಿನ ಹೆಸರು ಅಜ್ಜಿಯ ಬಾಯಲ್ಲಿ ದಿನಕ್ಕೊಂದು ರೂಪ ತಾಳುತ್ತಿತ್ತು. ಕೊನೆಗೆ ಎಲ್ಲರೂ ಅದನ್ನು 'ರಮ್ಯನ ಊರು' ಎಂದುಬಿಟ್ಟರು.

ಅಂದಿನಿಂದ ಹಾಲಿನ ಜೊತೆ ಪ್ರಶ್ನೆಯೂ ಬರತೊಡಗಿತು.

"ಮೇಷ್ಟ್ರೇ, ಟೀವಿಯೋರು ಮೂರನೇ ಮಹಾಯುದ್ಧ ಅಂತ ಬಡ್ಕೊಂತಾವ್ರೆ. ದಿಟವಾ?"

"ಅದು ಬ್ರೇಕ್ ತನಕ ಮಾತ್ರ ಅಮ್ಮ. ಬ್ರೇಕ್ ಆದ್ಮೇಲೆ ನೋಡಿ, ಚಿನ್ನದ ರೇಟು ಹೇಳ್ತಾರೆ."

"ಮತ್ತೆ ಕಾಂತ ತೋರಿಸ್ದ, ಒಂದು ಊರೇ ಉರೀತೈತೆ."

ಆಗ ಸೇತುರಾಮರು ಆ ವಿಡಿಯೋ ತರಿಸಿಕೊಂಡು, ಮನೆಗೆ ಹೋಗಿ ಲೆಕ್ಕ ಹಾಕಿ, ಮರುದಿನ ಸಂಜೆ ನಿಜವೋ ಸುಳ್ಳೋ ಹೇಳುವರು. ಸುಳ್ಳೆಂದಾಗ ಮುನಿತಾಯಮ್ಮ ಪಾವಿನ ಮೇಲೆ ಒಂದು ಚೂರು ಹಾಲು ಜಾಸ್ತಿ ಸುರಿಯುವರು. ನಿಜವೆಂದಾಗಲೂ ಸುರಿಯುವರು, ಆದರೆ ಮಾತಾಡದೆ. ಚಳಿಗಾಲವೆಲ್ಲ ಹೀಗೇ ಕಳೆಯಿತು. ಅಲ್ಲಿಗೂ ಇಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ. ಆ ಸಂಖ್ಯೆ ಸೇತುರಾಮರ ತಲೆಯಲ್ಲಿ ಬೆಳಕಿನ ವೇಗದ ಹಾಗೆ, ಎಂದೂ ಬದಲಾಗದ ವಸ್ತುವಾಗಿ ಕೂತಿತ್ತು.

ಮಾರ್ಚ್ ಮುಗಿಯುವ ಹೊತ್ತಿಗೆ, ಒಂದು ಸೋಮವಾರ, ಮುನಿತಾಯಮ್ಮ ಸೆರಗಿನಲ್ಲಿ ಫೋನು ಒರೆಸುತ್ತ ಗೊಣಗಿದರು. "ದಿನಾ ನಾನು ಹಾಲು ಕರೆದು, ಕೈಕಾಲು ತೊಳ್ಕೊಂಡು ಕುಂತ್ಮೇಲೆ ಫೋನ್ ಮಾಡ್ತಿತ್ತು ಮಗ. ಇವತ್ತು ಕೆಚ್ಚಲಿಗೆ ಕೈ ಹಾಕಿದ್ದೀನಿ, ಬಡ್ಕೊಳ್ತು ನೋಡಿ."

"ಕೆಲಸ ಬೇಗ ಮುಗಿದಿರಬೇಕು ಬಿಡಿ," ಎಂದರು ಸೇತುರಾಮರು, ಕ್ಯಾನಿನ ಮುಚ್ಚಳ ಹಾಕುತ್ತ.

ಮಂಗಳವಾರ ಮಧ್ಯಾಹ್ನ ಕಾಂತರಾಜು ಅಂಗಡಿಯನ್ನು ಹುಡುಗರ ಕೈಗೆ ಬಿಟ್ಟು ಅವರ ಮನೆಗೇ ಬಂದ. ಇಪ್ಪತ್ತೇಳು ವರ್ಷದ ಹಿಂದೆ ಅವನು ಅವರ ತರಗತಿಯ ಕೊನೆಯ ಬೆಂಚಿನವನು. ಪ್ರಿಪರೇಟರಿ ಪರೀಕ್ಷೆಯಲ್ಲಿ ಒಂದು ಮಾರ್ಕಿನಿಂದ ಫೇಲಾಗಿದ್ದ. ಆ ಒಂದು ಮಾರ್ಕು ಹಾಕಿ ಸಾರ್ ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದನ್ನೂ, ಅವರು ಹಾಕದಿದ್ದದ್ದನ್ನೂ ಅವನು ಅಂಗಡಿಗೆ ಬರುವವರಿಗೆಲ್ಲ ನಗುತ್ತ ಹೇಳುತ್ತಿದ್ದ. ಈಗ ನಗು ಇರಲಿಲ್ಲ. ಸೋಫಾದ ಅಂಚಿನಲ್ಲಿ ಕೂತು ಫೋನು ಮುಂದೆ ಹಿಡಿದ.

"ರಮ್ಯನ ಊರಂತೆ ಸಾರ್. ಇವತ್ತು ಬೆಳಿಗ್ಗೆ, ಅಲ್ಲಿನ ಒಂಬತ್ತು ಗಂಟೆಗೆ. ಅವಳ ಕಾಲೇಜ್ ಹಿಂದುಗಡೆ ಇರೋ ಕರೆಂಟ್ ಸ್ಟೇಷನ್ಗೆ ಡ್ರೋನ್ ಬಿದ್ದಿದೆ ಅಂತ."

ವಿಡಿಯೋದಲ್ಲಿ ಬಸ್ ಸ್ಟಾಪೊಂದು, ಪಕ್ಕದಲ್ಲಿ ಲೈಟುಕಂಬ, ಹಿಂದೆ ಮರಗಳ ಮೇಲೆ ದಪ್ಪ ಕಪ್ಪು ಹೊಗೆ. ಯಾರೋ ಹೆಂಗಸು ಓಡುತ್ತಿದ್ದಳು. ಬಿಸಿಲು ಚೆನ್ನಾಗಿತ್ತು.

"ರಮ್ಯ ಏನಂತಾಳೆ?"

"'ಏನೂ ಇಲ್ಲಪ್ಪಾ, ಎಲ್ಲೋ ದೂರ' ಅಂತಾಳೆ. ಈ ರಷ್ಯಾ ಕಡೆಯೋರು ಹಳೇ ವಿಡಿಯೋ, ಸುಳ್ಳು ಅಂತಾವ್ರೆ. ನಂಗೊಂದೂ ತಿಳೀತಿಲ್ಲ ಸಾರ್." "ಶುಕ್ರವಾರ ಕಾಲೇಜಿನವರು ಬಾರ್ಡರ್ ತನಕ ಒಂದು ಬಸ್ ಬಿಡ್ತಾರಂತೆ. ಬರೋರು ನಾಳೆ ಸಂಜೆ, ಅಲ್ಲಿನ ಆರು ಗಂಟೆ ಒಳಗೆ ಹೆಸರು ಕೊಡಬೇಕು. ಬಂದ್ರೆ ಈ ವರ್ಷದ ಪರೀಕ್ಷೆ ಹೋಯ್ತು. ಆರು ವರ್ಷ ಓದಿದಾಳೆ ಸಾರ್, ಜೂನ್ಗೆ ಮುಗಿಯುತ್ತೆ. ಇದು ಸುಳ್ಳಾದ್ರೆ ಇರು ಅಂತೀನಿ. ನಿಜ ಆದ್ರೆ ಏನಾದ್ರೂ ಆಗ್ಲಿ, ಬಾ ಅಂತೀನಿ. ನೀವು ಹೇಳಿ."

ಸೇತುರಾಮರ ಹೆಂಡತಿ ಅನಂತಲಕ್ಷ್ಮಿ ತಂದಿಟ್ಟ ಕಾಫಿಯನ್ನು ಅವನು ಮುಟ್ಟಲಿಲ್ಲ.

ಸೇತುರಾಮರು ಊಟದ ಮೇಜಿನ ಮೇಲೆ ಟ್ಯಾಬ್ ಇಟ್ಟು, ಚಿತ್ರ ನಿಲ್ಲಿಸಿ, ಸ್ಕೇಲು ಹಿಡಿದರು. ಕಂಬ ನೆಟ್ಟಗಿತ್ತು, ಅದರ ನೆರಳು ರಸ್ತೆಗೆ ಅಡ್ಡಲಾಗಿ ಬಿದ್ದಿತ್ತು. ರಸ್ತೆ ದಾಟುವ ಬಿಳಿ ಪಟ್ಟಿಗಳ ಅಗಲ ನೋಡಿ ಕ್ಯಾಮೆರಾದ ಓರೆಯನ್ನು ಸರಿಪಡಿಸಿಕೊಂಡರು. ಆ ಊರಿನಲ್ಲಿ, ಆ ದಿನ, ಒಂಬತ್ತು ಗಂಟೆಗೆ, ನೆರಳು ಕಂಬದ ಒಂದೂ ಮುಕ್ಕಾಲು ಪಟ್ಟು ಇರಬೇಕು. ಚಿತ್ರದಲ್ಲಿ ಎರಡೂವರೆ ಪಟ್ಟು ಇತ್ತು. ಒಂಬತ್ತರ ಸೂರ್ಯ ಅಷ್ಟು ಕೆಳಗಿರಲು ಸಾಧ್ಯವೇ ಇಲ್ಲ.

ಎದೆಯೊಳಗೆ ಏನೋ ಹಗುರವಾಯಿತು. ಎರಡನೆಯ ಅಳತೆಗೆಂದು, ನೆರಳಿನ ದಿಕ್ಕು ನೋಡಲು, ಆ ಬೀದಿಯ ನಕ್ಷೆ ತೆರೆದರು. ನಕ್ಷೆ ನಿಧಾನವಾಗಿ ಮೂಡತೊಡಗಿತು. ಸೇತುರಾಮರು ತಲೆಯೆತ್ತಿ ಕಾಂತರಾಜುವಿನ ಮುಖ ನೋಡಿದರು. ಅವನು ಅವರ ಸ್ಕೇಲನ್ನೇ ನೋಡುತ್ತಿದ್ದ, ಆಪರೇಷನ್ ಥಿಯೇಟರಿನ ಬಾಗಿಲು ನೋಡುವವರ ಹಾಗೆ. ಅವರು ನಕ್ಷೆ ಮುಚ್ಚಿದರು.

"ಸುಳ್ಳು ಕಣಪ್ಪ. ಇದು ಒಂಬತ್ತು ಗಂಟೆ ಬಿಸಿಲೇ ಅಲ್ಲ. ಯಾವುದೋ ಹಳೇದು."

ಕಾಂತರಾಜು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದ. "ಮೇಷ್ಟ್ರೇ ಸುಳ್ಳು ಅಂದ್ರು ಮಗಳೇ. ಧೈರ್ಯವಾಗಿರು. ಪರೀಕ್ಷೆ ಮುಗಿಸ್ಕೊಂಡೇ ಬಾ." ಆ ಕಡೆಯಿಂದ ಒಂದು ಕ್ಷಣ ತಡೆದು, "ಸರಿ ಅಪ್ಪಾ," ಎಂದದ್ದು ಸೇತುರಾಮರಿಗೂ ಕೇಳಿಸಿತು.

ಬುಧವಾರ ಬೆಳಿಗ್ಗೆ ದರ್ಶಿನಿಯ ಮುಂದೆ ಸುದ್ದಿ ಕೇಳಿದ ಮುರಳೀಕೃಷ್ಣ ಲೋಟ ಎತ್ತಿ ಹಿಡಿದರು. "ನಾನು ಹೇಳಿರ್ಲಿಲ್ವಾ? ರಷ್ಯಾದವರು ಅಲ್ಲೆಲ್ಲ ಬಾಂಬ್ ಹಾಕೋದೇ ಇಲ್ಲ ಕಣೋ. ಎಲ್ಲಾ ಉಕ್ರೇನಿನವರ ನಾಟಕ. ಹೆಂಗೆ ಹಿಡಿದೆ, ಬರಿ ನೋಡೋಣ."

ಸೇತುರಾಮರು ಪೇಪರಿನ ಅಂಚಿನಲ್ಲಿ ಕಂಬ, ನೆರಳು, ಸೂರ್ಯ ಬರೆದು ತೋರಿಸಿದರು. ವಿವರಿಸುವಾಗ ಮೂವತ್ತು ವರ್ಷದ ಹಳೆಯ ಸುಖ ಬಂತು. ಮುರಳೀಕೃಷ್ಣ ಅದರ ಫೋಟೋ ತೆಗೆದುಕೊಂಡದ್ದನ್ನು ಅವರು ಅಷ್ಟಾಗಿ ಗಮನಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅದೇ ಚಿತ್ರ ಬೇರೆ ಯಾರಿಂದಲೋ ಅವರ ಫೋನಿಗೆ ಬಂತು. ಕಂಬಕ್ಕೆ ಕೆಂಪು ಬಾಣ ಹಚ್ಚಿದ್ದರು. ಎರಡು ಕಡೆ ಬಾವುಟ. ಮೇಲೆ ದಪ್ಪಕ್ಷರದಲ್ಲಿ: 'ಬೆಂಗಳೂರಿನ ಹಿರಿಯ ವಿಜ್ಞಾನಿಯಿಂದ ಸುಳ್ಳು ದಾಳಿಯ ಬಣ್ಣ ಬಯಲು!' ಕೆಳಗೆ, ಇನ್ನು ಹತ್ತು ಜನಕ್ಕೆ ಕಳಿಸಿ ಎಂಬ ಅಪ್ಪಣೆ. ಅವರ ಕೈಬರಹದ ಕೊಂಕು ಸಂಖ್ಯೆಗಳು ಆ ಬಣ್ಣಗಳ ನಡುವೆ, ಜಾತ್ರೆಯಲ್ಲಿ ಕಳೆದುಹೋದ ಮಕ್ಕಳ ಹಾಗೆ ಕಂಡವು.

"ನಿಮ್ಮದೇ ಅಲ್ವೇನ್ರೀ ಇದು?" ಎಂದರು ಅನಂತಲಕ್ಷ್ಮಿ, ಕನ್ನಡಕ ಏರಿಸಿ. "ವಿಜ್ಞಾನಿ ಯಾವಾಗ ಆದ್ರಿ?"

"ಇವತ್ತು ಹನ್ನೊಂದು ಗಂಟೆಗೆ," ಎಂದು ಅವರು ನಗಲು ನೋಡಿದರು. ಆದರೆ ಒಂದು ಇರಿಸುಮುರಿಸು ಉಳಿಯಿತು. ಅಂಥ ನೂರು ಚಿತ್ರಗಳನ್ನು ಅವರು ನೋಡಿದ್ದರು. ಪ್ರತಿಯೊಂದರಲ್ಲೂ ಇಂಥದೇ ಒಬ್ಬ ಹೆಸರಿಲ್ಲದ ವಿಜ್ಞಾನಿ, ನಿವೃತ್ತ ಜನರಲ್, ಪ್ರತ್ಯಕ್ಷದರ್ಶಿ ಇರುತ್ತಿದ್ದ. ಅವನನ್ನು ಅವರು ಯಾವಾಗಲೂ ಕಟ್ಟುಕಥೆ ಎಂದುಕೊಂಡಿದ್ದರು. ಅವನೂ ಎಲ್ಲೋ ಒಂದು ಕಡೆ ಕಾಫಿ ಕುಡಿಯುತ್ತ ಪೇಪರಿನ ಅಂಚಿನಲ್ಲಿ ಏನೋ ಗೀಚಿದ ಮನುಷ್ಯನಿರಬಹುದು ಎಂದು ಈಗ ಮೊದಲ ಸಲ ಹೊಳೆಯಿತು.

ಸಂಜೆ ಕ್ಯಾನು ಹಿಡಿದು ಹೋದಾಗ ಮುನಿತಾಯಮ್ಮ ಹಾಲು ಕರೆಯುತ್ತಿದ್ದರು. ಸಂಪಿನ ಕಟ್ಟೆಯ ಮೇಲಿದ್ದ ಫೋನು ಹೊಡೆದುಕೊಂಡಿತು.

"ನೋಡಿದ್ರಾ, ಇವತ್ತೂ ಅಷ್ಟೇ! ನೀವೇ ಎತ್ತಿ ಮೇಷ್ಟ್ರೇ, ಕೈಯೆಲ್ಲ ಹಾಲು."

ಸೇತುರಾಮರು ಎತ್ತಿದರು. ಪರದೆಯಲ್ಲಿ ರಮ್ಯ, ಕುತ್ತಿಗೆಯಲ್ಲಿ ಇನ್ನೂ ಸ್ಟೆತೊಸ್ಕೋಪು.

"ಅಯ್ಯೋ ಮೇಷ್ಟ್ರು ತಾತ, ನೀವಾ! ಅಜ್ಜಿ ಎಲ್ಲಿ?"

"ಹಸು ಹತ್ರ. ಬಂದ್ರು ಇರು. ಏನಮ್ಮ, ಇವತ್ತೂ ಕೆಲಸ ಬೇಗ ಮುಗೀತಾ?"

"ಇಲ್ವಲ್ಲ ತಾತ, ದಿನಾ ಬಿಡೋ ಟೈಮೇ. ನಾಲ್ಕು ಗಂಟೆ."

ಸೇತುರಾಮರ ಕಣ್ಣು ತಾನಾಗಿಯೇ ಪರದೆಯ ಮೂಲೆಗೆ ಹೋಯಿತು. ಆರೂವರೆ. ಅಲ್ಲಿ ನಾಲ್ಕು, ಇಲ್ಲಿ ಆರೂವರೆ. ಎರಡೂವರೆ ಗಂಟೆ. ಮೂರೂವರೆಯಲ್ಲ.

ಬೇಸಿಗೆಯ ಸಮಯ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಯುರೋಪಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಪರೀಕ್ಷೆಯಲ್ಲಿ ಬಂದಿದ್ದರೆ ಚಿತ್ರ ಸಮೇತ ಉತ್ತರ ಬರೆಯುತ್ತಿದ್ದರು. ಆದರೆ ಸೆಲ್ಲು ಬದಲಿಸುವುದಕ್ಕಲ್ಲದೆ ಬೇರಾವುದಕ್ಕೂ ಗೋಡೆಯಿಂದ ಗಡಿಯಾರ ಇಳಿಸದ ಊರಿನಲ್ಲಿ ಬಾಳಿದ ಮನುಷ್ಯನಿಗೆ, ಅದು ತಲೆಯಲ್ಲಿದ್ದರೂ ಕೈಗೆ ಬಂದಿರಲಿಲ್ಲ. ಆ ಊರಿನ ಒಂಬತ್ತು ಗಂಟೆ ಎಂದರೆ ಈಗ ಸೂರ್ಯನ ಲೆಕ್ಕದಲ್ಲಿ ಮೊನ್ನೆಮೊನ್ನೆಯವರೆಗಿನ ಎಂಟು ಗಂಟೆ. ಸೂರ್ಯ ಕೆಳಗಿರಬೇಕಾದದ್ದೇ. ನೆರಳು ಉದ್ದವಿರಬೇಕಾದದ್ದೇ.

"ತಾತ? ಕೇಳಿಸ್ತಿದ್ಯಾ?"

ಅವಳ ಹಿಂದಿನ ಕಿಟಕಿ ಈಗ ಕಂಡಿತು. ಗಾಜಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಂದು ಬಣ್ಣದ ಟೇಪು ಅಂಟಿಸಿತ್ತು. ಮುನಿತಾಯಮ್ಮ ಕೈ ಒರೆಸಿಕೊಂಡು ಬಂದು ಫೋನು ಇಸಿದುಕೊಂಡರು. ಸೇತುರಾಮರು ಹಾಲು ತೆಗೆದುಕೊಳ್ಳದೆ ಖಾಲಿ ಕ್ಯಾನು ಹಿಡಿದು ಮನೆಗೆ ನಡೆದರು.

ಮನೆಗೆ ಬಂದವರು ಚಪ್ಪಲಿ ಬಿಟ್ಟದ್ದೇ ನಕ್ಷೆ ತೆರೆದರು. ನೆನ್ನೆ ಮುಚ್ಚಿದ್ದ ಅದೇ ನಕ್ಷೆ. ಬಸ್ ಸ್ಟಾಪು ಸಿಕ್ಕಿತು, ಬಿಳಿ ಪಟ್ಟಿ ಸಿಕ್ಕಿತು, ರಸ್ತೆಯ ದಿಕ್ಕು ಸಿಕ್ಕಿತು. ನೆರಳು ಬಿದ್ದ ದಿಕ್ಕನ್ನು ಅಳೆದರು. ಉದ್ದ ಹೇಳಿದ್ದನ್ನೇ ದಿಕ್ಕೂ ಹೇಳಿತು: ಅದೇ ಮಂಗಳವಾರ, ಹಳೆಯ ಲೆಕ್ಕದ ಒಂಬತ್ತಕ್ಕಿಂತ ಸರಿಯಾಗಿ ಒಂದು ಗಂಟೆ ಹಿಂದೆ. ಬೇರೆ ತಿಂಗಳ ಹಳೆಯ ವಿಡಿಯೋ ಆಗಿದ್ದರೆ ಎರಡು ಅಳತೆಗಳೂ ಹೀಗೆ ಒಂದೇ ಮಾತು ಆಡುತ್ತಿರಲಿಲ್ಲ. ಸುಳ್ಳು ಇಷ್ಟು ಅಚ್ಚುಕಟ್ಟಾಗಿ, ಕೂದಲೆಳೆಯಷ್ಟೂ ಆಚೀಚೆ ಆಗದೆ, ಒಂದೇ ಗಂಟೆ ತಪ್ಪುವುದಿಲ್ಲ. ನೆನ್ನೆ ಇದನ್ನು ನೋಡಿದ್ದರೆ ಆಗಲೇ ತಲೆಗೆ ಹೊಳೆಯುತ್ತಿತ್ತು.

ನೋಡಿರಲಿಲ್ಲ. ಗಡಿಯಾರ ಮರೆತದ್ದು ಯಾರಿಗಾದರೂ ಆಗುವಂಥದ್ದು. ಆದರೆ ಎರಡನೆಯ ಅಳತೆಯನ್ನು ಅವರು ಮರೆತಿರಲಿಲ್ಲ, ಬಿಟ್ಟಿದ್ದರು. ಮೊದಲನೆಯದು ಎಲ್ಲರಿಗೂ ಬೇಕಾದ ಉತ್ತರ ಕೊಟ್ಟಿತ್ತು. ಇಡೀ ಚಳಿಗಾಲದಲ್ಲಿ ನಿಜವೆಂದು ಹೇಳಬೇಕಾದ ವಿಡಿಯೋಗಳಿಗೆ ಅವರು ಎರಡಲ್ಲ, ಮೂರು ಸಲ ಲೆಕ್ಕ ಹಾಕಿದ್ದರು, ಎಲ್ಲಾದರೂ ತಪ್ಪಿರಲಿ ಎಂಬ ಆಸೆಯಿಂದ. ತಮಗೆ ಪಕ್ಷವಿಲ್ಲ ಎಂದುಕೊಂಡಿದ್ದರಲ್ಲ, ಇತ್ತು. ಮುನಿತಾಯಮ್ಮನ ಪಾವಿನ ಪಕ್ಷ.

ಅನಂತಲಕ್ಷ್ಮಿ ಖಾಲಿ ಕ್ಯಾನು ನೋಡಿ ಬಂದು ಬಾಗಿಲಲ್ಲಿ ನಿಂತಿದ್ದರು. ಸೇತುರಾಮರು ಎಲ್ಲ ಹೇಳಿದರು.

"ಹೆಸರು ಕೊಡೋಕೆ ಇನ್ನೂ ಹೊತ್ತಿದ್ಯಾ?"

"ಅಲ್ಲಿ ಆರು ಅಂದ್ರೆ ಇಲ್ಲಿ ಎಂಟೂವರೆ. ಇನ್ನೂ ಒಂದು ಗಂಟೆ ಇದೆ. ಇನ್ನೊಂದು ಸಲ ಮೊದಲಿಂದ ನೋಡ್ಬಿಟ್ಟು..."

"ಏನು ನೋಡೋದು? ಆ ಸ್ಕೇಲ್ ಕೆಳಗಿಟ್ಟು ಏಳ್ರೀ. ಫೋನಲ್ಲಿ ಹೇಳ್ಬೇಡಿ. ಹೋಗಿ ಹೇಳಿ."

ಆಟೋದವನು ಕೇಳಿದಷ್ಟಕ್ಕೆ ಒಪ್ಪಿ ಕೂತರು. ಅಂಗಡಿಯಲ್ಲಿ ಕಾಂತರಾಜು ಯಾರಿಗೋ ಪೈಪು ಅಳೆದು ಕೊಡುತ್ತಿದ್ದ. ಅವರ ಮುಖ ನೋಡಿದವನೇ ಗಿರಾಕಿಯನ್ನು ಹುಡುಗನಿಗೆ ಒಪ್ಪಿಸಿ ಒಳಮನೆಗೆ ಕರೆದುಕೊಂಡು ಹೋದ. ಮುನಿತಾಯಮ್ಮ ಟೀವಿಯ ಸದ್ದು ಅಡಗಿಸಿದರು.

"ಕಾಂತರಾಜು, ನಾನು ನೆನ್ನೆ ಹೇಳಿದ್ದು ತಪ್ಪು," ಎಂದರು ಸೇತುರಾಮರು ನಿಂತೇ. "ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾಕಿದಾರೆ. ನಾನು ಲೆಕ್ಕಕ್ಕೆ ತಗೊಳ್ಲಿಲ್ಲ. ಆ ವಿಡಿಯೋ ನಿಜ. ಅವತ್ತಿಂದೇ, ಆ ಜಾಗದ್ದೇ."

ಟೀವಿಯಲ್ಲಿ ಒಬ್ಬಾತ ಸದ್ದಿಲ್ಲದೆ ಕೈ ಬೀಸಿ ಅರಚುತ್ತಿದ್ದ.

"ಒಂದು ಮಾರ್ಕು ಸಾರ್," ಎಂದ ಕಾಂತರಾಜು. "ಒಂದು ಮಾರ್ಕು ಹಾಕಿ ಅಂತ ಬಾಗಿಲಲ್ಲಿ ನಿಂತಿದ್ದೆ. ತಪ್ಪು ತಪ್ಪೇ ಕಣಯ್ಯ, ಎರಡು ಸಲ ನೋಡ್ದೇ ಇದ್ರೆ ಹಿಂಗೇ ಆಗೋದು ಅಂದಿದ್ರಿ. ನೀವೇ ಒಂದು ಸಲ ನೋಡಿ ಎದ್ಬಿಟ್ರಾ? ನನ್ನ ಮಗಳು ಸಾರ್ ಅದು! ಬಿದ್ದಿದ್ದು ಪಟಾಕಿ ಅಲ್ಲ!"

"ಕಾಂತ," ಎಂದರು ಮುನಿತಾಯಮ್ಮ.

"ಇರವ್ವ. ನಾನು ಇವರ ಮಾತು ನಂಬಿ ಮಗಳಿಗೆ ಇರು ಅಂದೆ."

"ಹೌದು," ಎಂದರು ಸೇತುರಾಮರು. "ಎರಡನೇ ಸಲ ನೋಡ್ಬೇಕಿತ್ತು. ನಿನ್ನ ಮುಖ ನೋಡಿ ಬಿಟ್ಬಿಟ್ಟೆ." ಬೇರೆ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. "ಈಗ ಫೋನ್ ಮಾಡು. ಹೊತ್ತಿದೆ."

ರಮ್ಯ ಎರಡನೆಯ ರಿಂಗಿಗೆ ಎತ್ತಿದಳು. ಕಾಂತರಾಜು ಒಂದೇ ಉಸಿರಿಗೆ ಹೇಳಿ ಮುಗಿಸಿದ.

"ಗೊತ್ತು ಅಪ್ಪಾ. ನಿಜಾನೇ ಅದು. ನಮ್ಮ ಕಿಟಕಿ ಗಾಜು ಬಿರುಕು ಬಿಟ್ಟಿದೆ. ಕರೆಂಟ್ ಇಲ್ಲ, ಆಸ್ಪತ್ರೆ ಜನರೇಟರಲ್ಲಿ ಫೋನ್ ಚಾರ್ಜ್ ಮಾಡ್ಕೋತಿದೀನಿ."

"ಮತ್ತೆ ಯಾಕೆ ಬೊಗಳ್ಲಿಲ್ಲ ನೀನು?"

"ಏನಂತ ಹೇಳ್ಲಿ? ಮೇಷ್ಟ್ರೇ ಸುಳ್ಳು ಅಂದ್ರು ಅಂತ ಅಷ್ಟು ಖುಷಿಯಾಗಿ ಹೇಳಿದ್ರಿ. ನಿಜ ಅಂದ್ರೆ ಅಜ್ಜಿ ಊಟ ಬಿಡುತ್ತೆ. ಸರಿ ಅಂದ್ಬಿಟ್ಟೆ." ಅವಳು ಮೂಗು ಒರೆಸಿಕೊಂಡಳು. "ರಾತ್ರಿ ಮಲಗಿದ್ದಾಗ ನಂಗೂ ಅನ್ನಿಸ್ತಿತ್ತು, ಅಷ್ಟು ಓದಿದೋರು ಸುಳ್ಳು ಅಂದಿದಾರೆ, ಸುಳ್ಳೇ ಇರಬಹುದೇನೋ ಅಂತ. ಗಾಜು ಕಣ್ಣಮುಂದೇನೇ ಇತ್ತು. ಆದ್ರೂ."

ಮುನಿತಾಯಮ್ಮ ಮಗನ ಕೈಯಿಂದ ಫೋನು ತೆಗೆದುಕೊಂಡರು. "ಏನೇ ಹುಡುಗಿ, ನಾನೇನು ಗಾಜಾ? ನಾಕು ಜನ ಮಕ್ಕಳನ್ನ ಮಣ್ಣು ಮಾಡಿ ಇವನೊಬ್ಬನನ್ನ ಉಳಿಸ್ಕೊಂಡೋಳು ಕಣೇ ನಾನು. ದಿಟ ಹೇಳಿದ್ರೆ ಒಂದೊತ್ತು ಅಳ್ತೀನಿ, ಅಷ್ಟೇ. ಹೆಸರು ಕೊಡ್ತೀಯೋ ಇಲ್ವೋ?"

"ಪರೀಕ್ಷೆ ಅಜ್ಜಿ..."

"ಪರೀಕ್ಷೆ ಎಲ್ಲಿ ಓಡೋಗ್ತದೆ? ಹೋಗು, ಬರ್ಸು."

ಪರದೆ ಅಲುಗಾಡಿತು. ಮೆಟ್ಟಿಲಿಳಿಯುವ ಸದ್ದು, ಟಾರ್ಚಿನ ಬೆಳಕು, ಅರ್ಥವಾಗದ ಭಾಷೆಯಲ್ಲಿ ಒಬ್ಬ ಹೆಂಗಸಿನ ದನಿ. ಆಮೇಲೆ ರಮ್ಯ, "ಬರೆದ್ಕೊಂಡ್ರು," ಎಂದಳು. ಕಾಂತರಾಜು ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಸೇತುರಾಮರಿಗೆ ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಅವರು ಹೊರಟಾಗ ಮುನಿತಾಯಮ್ಮ ಮಾತ್ರ ಬಾಗಿಲ ತನಕ ಬಂದು, "ಸಂಜೆ ಹಾಲು ಬಿಟ್ಟು ಹೋದ್ರಿ," ಎಂದು ಒಂದು ಪಾತ್ರೆ ಕೈಗಿಟ್ಟರು.

ಮರುದಿನ ದರ್ಶಿನಿಯಲ್ಲಿ ಸೇತುರಾಮರು ಮುರಳೀಕೃಷ್ಣರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿ, ತಿದ್ದುಪಡಿಯನ್ನೂ ಅಷ್ಟೇ ಜನಕ್ಕೆ ಕಳಿಸು ಎಂದರು. ಮುರಳೀಕೃಷ್ಣ ಲೋಟ ಕೆಳಗಿಟ್ಟರು. ರಮ್ಯನನ್ನು ಅವರೂ ಕಂಡವರೇ.

"ಕಳಿಸ್ತೀನಿ ಕಣೋ. ಆದ್ರೆ ಬಾವುಟ ಇಲ್ದಿರೋದನ್ನ ಯಾರೂ ಮುಂದಕ್ಕೆ ಕಳ್ಸಲ್ಲ."

ಅವರು ಕಳಿಸಿದ್ದು ನಿಜ. ಅದು ದರ್ಶಿನಿಯ ಗುಂಪಿನ ಆಚೆ ಹೋದಂತೆ ಕಾಣಲಿಲ್ಲ. ಶನಿವಾರ ಬೆಳಿಗ್ಗೆ ಕಾಫಿಯ ಸಾಲಿನಲ್ಲಿ, ಅನ್ನಪೂರ್ಣೇಶ್ವರಿ ನಗರದಿಂದ ಬಂದಿದ್ದ ಗುರುತಿಲ್ಲದ ಯುವಕನೊಬ್ಬ ಸೇತುರಾಮರಿಗೇ ಫೋನು ತೋರಿಸಿದ. ಬಾವುಟಗಳು ಈಗ ನಾಲ್ಕಾಗಿದ್ದವು.

"ನೋಡಿ ಸಾರ್, ನಮ್ಮ ಬೆಂಗಳೂರಿನ ವಿಜ್ಞಾನಿ. ಹೆಂಗೆ ಹಿಡಿದಿದಾರೆ!"

"ಆ ಲೆಕ್ಕ ತಪ್ಪಪ್ಪ. ಒಂದು ಗಂಟೆ ಬಿಟ್ಟುಹೋಗಿದೆ."

"ನಿಮಗೆ ಹೆಂಗ್ ಗೊತ್ತು ಸಾರ್?"

"ನಾನೇ ಹಾಕಿದ್ದು."

ಯುವಕ ಅವರ ಮಂಕಿ ಕ್ಯಾಪನ್ನೂ ಕ್ಯಾನ್ವಾಸ್ ಶೂಗಳನ್ನೂ ನೋಡಿ, ದೊಡ್ಡವರಿಗೆ ಬೇಸರವಾಗಬಾರದೆಂದು ಮೆಲ್ಲಗೆ ನಕ್ಕ. "ಸರಿ ಸಾರ್," ಎಂದು ಫೋನು ಜೇಬಿಗಿಟ್ಟುಕೊಂಡ.

ಅಂದು ಸಂಜೆ ಸೇತುರಾಮರು ಮುನಿತಾಯಮ್ಮನ ಹಟ್ಟಿಗೆ ಹೋಗಲೋ ಬೇಡವೋ ಎಂದು ಓಣಿಯ ತಿರುವಿನಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಹೋದರು. ಅಂಗಡಿಯಲ್ಲಿದ್ದ ಕಾಂತರಾಜು ತಲೆ ಎತ್ತಿ ನೋಡಿದ. ನಗಲಿಲ್ಲ. "ಬಾರ್ಡರ್ ದಾಟಿದ್ಲು ಸಾರ್," ಎಂದಷ್ಟೇ ಹೇಳಿ ಮತ್ತೆ ಮೊಳೆ ತೂಗತೊಡಗಿದ.

ಕಟ್ಟಡದ ಹಿಂದೆ ಮುನಿತಾಯಮ್ಮ ಹಾಲಿನ ಕೈಯಲ್ಲೇ ಫೋನು ಹಿಡಿದು ನಿಂತಿದ್ದರು. ರಮ್ಯ ಕಳಿಸಿದ ವಿಡಿಯೋ. ಬಸ್ಸೊಂದರ ಪಕ್ಕ ಅವಳು ಕಾಗದದ ಲೋಟದಲ್ಲಿ ಏನೋ ಕುಡಿಯುತ್ತಿದ್ದಳು. ಹಿಂದೆ ಜನ, ಮೂಟೆ, ಅಳುವ ಮಗು. ಒಳ್ಳೆಯ ಬಿಸಿಲು. ಬಸ್ಸಿನ ನೆರಳು ನೆಲದ ಮೇಲೆ ಚೂಪಾಗಿ, ಅಳತೆಗೆ ಹೇಳಿ ಮಾಡಿಸಿದ ಹಾಗೆ ಬಿದ್ದಿತ್ತು. ಸೇತುರಾಮರ ಬೆರಳು ಅರಿವಿಲ್ಲದೆಯೇ ಚಿತ್ರ ನಿಲ್ಲಿಸಲು ಮುಂದೆ ಬಂತು.

ಮುನಿತಾಯಮ್ಮ ಅವರ ಕೈಯನ್ನು ಮೆಲ್ಲಗೆ ಸರಿಸಿದರು.

"ಇದನ್ನ ಅಳೀಬ್ಯಾಡಿ ಮೇಷ್ಟ್ರೇ. ಮೊಖ ನೋಡಿ. ಎಷ್ಟು ಇಳ್ದೋಗವ್ಳೆ."

ಸೇತುರಾಮರು ಕನ್ನಡಕ ಸರಿ ಮಾಡಿಕೊಂಡು, ನೆರಳು ಬಿಟ್ಟು, ಮುಖ ನೋಡಿದರು.